ಮಡದಿಯ ಹುಟ್ಟುಹಬ್ಬಕ್ಕೆ ಊಟ ಎಲ್ಲಿ?

ಹುಟ್ಟುಹಬ್ಬಕ್ಕೆಂದು ಕೊಂಡ ಸೀರೆ ಮಡದಿಗೆ ಒಪ್ಪದಿದ್ದರೆ ಅಂಗಡಿಯವನು ಬದಲಾಯಿಸಿ ಕೊಟ್ಟಾನು. ಉಂಡ ಊಟ ಒಪ್ಪದಿದ್ದರೆ ಬದಲಾಯಿಸಿ ಕೊಡುವವರು ಯಾರು? ವರ್ಷವೆಲ್ಲ ಮನೆಮಂದಿಗೆ ಬಡಿಸಿ, ಕೊನೆಯಲ್ಲಿ ಉಳಿದುದನ್ನು ಉಣ್ಣುವ ಗೃಹಿಣಿಗೆ ಆ ಒಂದು ದಿನವಾದರೂ ಮೊದಲ ತುತ್ತು ಸಲ್ಲಬೇಕು. ಆದ್ದರಿಂದ ಭೋಜನಗೃಹದ ಆಯ್ಕೆಯನ್ನು ಕಡೆಯ ಗಳಿಗೆಗೆ ಬಿಡದೆ, ಮೊದಲೇ ಬೆಂಗಳೂರನ್ನು ಒಂದು ಸುತ್ತು ಹಾಕಿ ಬರುವುದು ಲೇಸು.

ಲಾಲ್‌ಬಾಗ್ ರಸ್ತೆಯ ಮಾವಳ್ಳಿ ಟಿಫಿನ್ ರೂಮಿನಿಂದ ಹೊರಡೋಣ. 1924ರಲ್ಲಿ ಆರಂಭವಾದ ಈ ಸಂಸ್ಥೆಗೆ ಶುಚಿಯೇ ಕೀರ್ತಿ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಕ್ಕಿ ದುರ್ಲಭವಾದಾಗ ರವೆಯ ಇಡ್ಲಿ ಹುಟ್ಟಿದ್ದು ಇಲ್ಲಿಯೇ ಎಂದು ಪ್ರಸಿದ್ಧಿ. ತುಪ್ಪದ ಘಮಲಿನ ಖಾದ್ಯ, ಬೆಳ್ಳಿಯ ಲೋಟದಲ್ಲಿ ಕಾಫಿ—ಇವಕ್ಕೆ ಮನಸೋಲದವರು ವಿರಳ. ಆದರೆ ಇಲ್ಲಿ ಸರದಿ ಕಾಯುವವರು ಬಹಳ. ಉಂಡಾದ ಮೇಲೆ ಕುಳಿತು ಮಾತನಾಡಲು ಮನಸ್ಸು ಹಿಂಜರಿಯುತ್ತದೆ. ಹುಟ್ಟುಹಬ್ಬದ ಬೆಳಗಿನ ಉಪಾಹಾರಕ್ಕೆ ಇದು ತಕ್ಕ ತಾಣ. ಸಂಜೆಯ ವಿರಾಮಕ್ಕೆ ಬೇರೆ ಎಡೆ ಬೇಕು.

ಲಾಲ್‌ಬಾಗನ್ನು ಹಿಂದಿಕ್ಕಿ ಉತ್ತರಕ್ಕೆ ಸಾಗಿದರೆ ರೇಸ್‌ಕೋರ್ಸ್ ರಸ್ತೆಯ ವೆಸ್ಟ್ ಎಂಡ್ ಸಿಗುತ್ತದೆ. 1887ರಷ್ಟು ಹಿಂದಿನ ಚರಿತ್ರೆಯುಳ್ಳ ಈ ಹೋಟೆಲು ಸುಮಾರು 20 ಎಕರೆ ವಿಸ್ತಾರದ ತೋಟದ ನಡುವೆ ಇದೆ. ಹೆಮ್ಮರಗಳ ಕೆಳಗೆ ಹೆಜ್ಜೆಯಿಡುತ್ತಲೇ ಪೇಟೆಯ ಗದ್ದಲ ದೂರವಾಗುತ್ತದೆ. ಊಟಕ್ಕಿಂತ ನಿಧಾನವಾದ ನಡಿಗೆ, ನೆಮ್ಮದಿಯ ಮಾತು ಪ್ರಿಯವಾದವರಿಗೆ ಇದು ಹೇಳಿ ಮಾಡಿಸಿದ ಸ್ಥಳ.

ಅಲ್ಲಿಂದ ರೆಸಿಡೆನ್ಸಿ ರಸ್ತೆಗೆ ಬಂದರೆ ‘ಕರಾವಳಿ’. 1990ರಲ್ಲಿ ತೆರೆದ ಈ ಭೋಜನಗೃಹ ಮಂಗಳೂರು, ಕೊಡಗು, ಕೇರಳ, ಗೋವೆಗಳ ಅಡುಗೆಗೆ ಹೆಸರಾದುದು. ಇಲ್ಲಿನ ಬಾಣಸಿಗರು ಆ ನಾಡುಗಳ ಮನೆಮನೆಗೆ ಹೋಗಿ, ಗೃಹಿಣಿಯರ ಬಳಿ ನಿಂತು ಪಾಕವನ್ನು ಕಲಿತುಬಂದರು. ನೀರುದೋಸೆ, ಕೋರಿ ಗಸಿ ಮೊದಲಾದ ಮನೆಯಡುಗೆಗಳು ಹೀಗೆ ದೊಡ್ಡ ಹೋಟೆಲಿನ ಮೇಜನ್ನೇರಿದವು. ಒಲೆಯ ಮುಂದೆ ಆಯುಷ್ಯ ಸವೆಸಿದವಳಿಗೆ ಇದಕ್ಕಿಂತ ದೊಡ್ಡ ಮರ್ಯಾದೆ ಯಾವುದು? ತನ್ನಂಥವರ ಕೈಗುಣಕ್ಕೆ ಊರಿನ ಸಿರಿವಂತರು ಹಣ ತೆತ್ತು ಬರುವುದನ್ನು ಆಕೆ ಕಣ್ಣಾರೆ ಕಾಣಬಹುದು.

ಎಲ್ಲಿಗೆ ಹೋದರೂ ಕೆಲವು ಮಾತು ನೆನಪಿರಲಿ. ಮೇಜನ್ನು ಮುಂಚಿತವಾಗಿ ಕಾದಿರಿಸಿ. ವಾದ್ಯಗೋಷ್ಠಿಯ ಪಕ್ಕದ ಸ್ಥಳ ಬೇಡವೆಂದು ತಿಳಿಸಿ. ಆಕೆ ಸಸ್ಯಾಹಾರಿಯಾದರೆ, ಅಥವಾ ಯಾವುದಾದರೂ ಪದಾರ್ಥ ಮೈಗೆ ಒಗ್ಗದಿದ್ದರೆ, ಅದನ್ನು ಮೊದಲೇ ಹೇಳಿಡಿ. ದರಪಟ್ಟಿಯನ್ನು ಮುನ್ನವೇ ನೋಡಿಕೊಂಡು ಖರ್ಚಿಗೆ ಅಣಿಯಾಗಿ ಹೋಗಿ. ಆಕೆಯ ಕೈಗೆ ಅದು ಸಿಕ್ಕಿತೋ, “ಈ ಹಣಕ್ಕೆ ತಿಂಗಳ ತರಕಾರಿ ಬರುತ್ತಿತ್ತಲ್ಲ!” ಎಂಬ ಲೆಕ್ಕ ಶುರುವಾಗಿ, ಅತ್ಯಂತ ಅಗ್ಗದ ತಿನಿಸನ್ನೇ ತನಗೆ ಇಷ್ಟವೆಂದು ಸಾಧಿಸಿಬಿಡುತ್ತಾಳೆ!

ಎಲ್ಲಕ್ಕೂ ಮಿಗಿಲಾಗಿ, ಆಕೆಯ ನಾಲಗೆಯ ರುಚಿ ಯಾವುದೆಂದು ತಿಳಿದಿರಬೇಕು. ಮಕ್ಕಳಿಗೆ ಹುರಿದದ್ದು, ಯಜಮಾನರಿಗೆ ಸಪ್ಪೆ, ಅತ್ತೆಯವರಿಗೆ ಮೆತ್ತನೆಯದು ಎಂದು ಎಲ್ಲರ ಇಷ್ಟವನ್ನೂ ಆಕೆ ಬಲ್ಲಳು. ಆಕೆಗೆ ಇಷ್ಟವಾದುದು ಯಾವುದು? ಈ ಪ್ರಶ್ನೆಗೆ ತಡವರಿಸದೆ ಉತ್ತರ ಹೇಳಬಲ್ಲ ಗಂಡನಿಗೆ ಭೋಜನಗೃಹದ ಆಯ್ಕೆ ಕಷ್ಟವಾಗದು. ಉತ್ತರ ಹೊಳೆಯದಿದ್ದರೆ ಇಂದೇ ಕೇಳಿ ತಿಳಿಯಿರಿ. ಹುಟ್ಟುಹಬ್ಬದ ಉಡುಗೊರೆ ಆ ಪ್ರಶ್ನೆಯಿಂದಲೇ ಆರಂಭವಾಗುತ್ತದೆ.