ಧನುರ್ಮಾಸದಲ್ಲಿ ಮಲ್ಲಿಗೆಗೆ ಕತ್ತರಿ

ಧನುರ್ಮಾಸ ಬಂತೆಂದರೆ ಊರಿಗೆಲ್ಲ ಹುಗ್ಗಿಯ ನೆನಪು, ನನಗೆ ಹಿತ್ತಿಲಿನ ಚಿಂತೆ. ನಮ್ಮ ನಂಜನಗೂಡಿನ ಚಳಿ ಏನು ಮಹಾ ಚಳಿ! ಬೆಳಿಗ್ಗೆ ಮಂಜು, ಮಧ್ಯಾಹ್ನವಾದರೆ ಬಿಸಿಲು ಚುರುಕು. ಹಾಗಾಗಿ ಗಿಡಗಳಿಗೆ ಪೂರ್ತಿ ನಿದ್ದೆಯಿಲ್ಲ, ನಮಗೂ ಬಿಡುವಿಲ್ಲ. ಅವರೆ ಬಳ್ಳಿಗೆ ಹೇನು ಹತ್ತಿದರೆ ಒಲೆಯ ಬೂದಿ ಉದುರಿಸಬೇಕು. ಗುಲಾಬಿಯನ್ನು ಮಳೆ ನಿಂತ ಕೂಡಲೇ ಅಕ್ಟೋಬರಿನಲ್ಲಿ ಸವರಿದ್ದೆ, ಈಗ ಚೆನ್ನಾಗಿ ಹೂ ಬಿಟ್ಟಿದೆ. ಮಂಕಾಗಿ ನಿಂತಿರುವುದು ಮಲ್ಲಿಗೆ ಮಾತ್ರ. ಅದನ್ನು ಸವರುವ ಕಾಲ ಇದೇ.

ಆ ಕೆಲಸ ನಮ್ಮ ಅತ್ತೆಯವರದು. 2022ರ ಡಿಸೆಂಬರಿನಲ್ಲಿ ಸವರಿದ್ದೇ ಕೊನೆ. ಆಮೇಲೆ ಅವರಿಗೆ ಮರೆವಿನ ಕಾಯಿಲೆ ಹೆಚ್ಚಾಯಿತು. ಅವರ ಗಿಡ ಮುಟ್ಟಲು ನನಗೂ ಧೈರ್ಯ ಬರಲಿಲ್ಲ. ಎರಡು ವರ್ಷದಲ್ಲಿ ಅದು ಬೆಳೆದು ಬಟ್ಟೆ ಒಗೆಯುವ ಕಲ್ಲನ್ನೇ ಮುಚ್ಚಿತು, ಹೂ ಮಾತ್ರ ದಿನಕ್ಕೆ ಒಂದು ಮೊಳವೂ ಇಲ್ಲ! ಮಲ್ಲಿಗೆ ಮೊಗ್ಗು ಬಿಡುವುದು ಹೊಸ ಚಿಗುರಿನ ತುದಿಯಲ್ಲಿ. ಹಳೇ ಕಡ್ಡಿ ಉಳಿಸಿಕೊಂಡರೆ ಹೂವೆಲ್ಲಿಂದ ಬರಬೇಕು, ನೀವೇ ಹೇಳಿ.

ಅಂತೂ ಈ ಸಲ ಹದಿನೈದು ದಿನ ನೀರು ನಿಲ್ಲಿಸಿದೆ. ಎಲೆ ಹಳದಿಯಾಗಿ ಉದುರತೊಡಗಿತು. ಒಣಕಲು ಕಡ್ಡಿ, ಒಳಗೊಳಗೇ ಹೆಣೆದುಕೊಂಡದ್ದು ಎಲ್ಲ ತೆಗೆದು, ಉಳಿದದ್ದನ್ನು ಒಂದೂವರೆ ಎರಡು ಅಡಿಗೆ ಕತ್ತರಿಸಬೇಕು. ಹೇಳುವುದು ಸುಲಭ, ಹಸಿರು ಕೊಂಬೆಗೆ ಕತ್ತರಿ ಇಟ್ಟಾಗ ಕೈ ನಡುಗಿತು.

ಅಷ್ಟರಲ್ಲಿ ಅತ್ತೆ ಹಿತ್ತಿಲ ಬಾಗಿಲಿಗೆ ಬಂದರು. "ಯಾರೇ ನೀನು? ನನ್ನ ಗಿಡ ಯಾಕೆ ಕಡೀತಿದೀಯಾ?"

ಇಪ್ಪತ್ತನಾಲ್ಕು ವರ್ಷ ಒಂದೇ ಅಡುಗೆಮನೆಯಲ್ಲಿ ಕಳೆದ ಸೊಸೆಗೆ ಈ ಮಾತು! ಉತ್ತರ ಹೊಳೆಯಲಿಲ್ಲ. ಕತ್ತರಿಯನ್ನೇ ಅವರ ಕೈಗೆ ಕೊಟ್ಟೆ. (ಅದಕ್ಕೆ ನಮ್ಮ ಯಜಮಾನರಿಂದ ಆಮೇಲೆ ಬೈಸಿಕೊಂಡಿದ್ದೂ ಆಯಿತು.) ಅತ್ತೆ ಕೊಂಬೆ ಹಿಡಿದು, ಹೆಬ್ಬೆರಳಿನಿಂದ ಗಣ್ಣು ಹುಡುಕಿ, ಅದರ ಸ್ವಲ್ಪ ಮೇಲೆ ಓರೆಯಾಗಿ ಚಕ್ಕನೆ ಕತ್ತರಿಸಿದರು. "ಹೀಗೆ ಕಣೇ. ಓರೆಯಾಗಿದ್ರೆ ಇಬ್ಬನಿ ನೀರು ನಿಲ್ಲಲ್ಲ." ನಾಲ್ಕೈದು ಕೊಂಬೆಯಾಗುವಷ್ಟರಲ್ಲಿ ಸುಸ್ತಾಗಿ ಕಲ್ಲಿನ ಮೇಲೆ ಕೂತರು. ಉಳಿದದ್ದನ್ನು ಅವರು ಮಾಡಿದ ಹಾಗೇ ಗಣ್ಣು ನೋಡಿಕೊಂಡು ನಾನು ಮುಗಿಸಿದೆ.

ಬುಡ ಬಿಡಿಸಿ ನಾಲ್ಕು ದಿನ ಬಿಸಿಲು ಕಾಣಿಸಿದೆ. ಆಮೇಲೆ ಹಳೇ ಕೊಟ್ಟಿಗೆ ಗೊಬ್ಬರ, ಎರಡು ಹಿಡಿ ಬೇವಿನ ಹಿಂಡಿ ಹಾಕಿ, ಮಣ್ಣು ಮುಚ್ಚಿ ಪಾತಿ ತುಂಬ ನೀರು ಬಿಟ್ಟೆ. ಹಸಿ ಗೊಬ್ಬರ ಮಾತ್ರ ಹಾಕಬೇಡಿ, ಬೇರು ಸುಡುತ್ತದೆ.

ಸಂಕ್ರಾಂತಿ ಕಳೆದು ವಾರವಾಯಿತು. ಗಣ್ಣುಗಳಲ್ಲಿ ಎಳೆ ಚಿಗುರು ಕಾಣುತ್ತಿದೆ. ಅತ್ತೆ ದಿನಾ ಬೆಳಿಗ್ಗೆ ಬೋಳು ಗಿಡ ನೋಡಿ, "ಇದನ್ನ ಕಡಿದೋರು ಯಾರೇ?" ಅನ್ನುತ್ತಾರೆ.

"ನೀವೇ ಅತ್ತೆ."

"ಹೌದಾ? ಹಾಗಾದ್ರೆ ಸರಿಯಾಗೇ ಇರುತ್ತೆ ಬಿಡು" ಎಂದು ಕಾಫಿ ಕೇಳುತ್ತಾರೆ.