ಮನಿಲಾದಿಂದ ಜಿನೀವಾದವರೆಗೆ

1998ರ ಜನವರಿಯಲ್ಲಿ ಫಿಲಿಪ್ಪೀನ್ಸ್ ದೇಶದ ಮನಿಲಾ ನಗರದಿಂದ ಹೊರಟು, ಖಂಡಖಂಡಾಂತರಗಳನ್ನು ಹಾದು, ಜೂನ್ ಮಾಸದಲ್ಲಿ ಜಿನೀವಾವನ್ನು ಸೇರಿದ ಬಾಲಕಾರ್ಮಿಕ ವಿರೋಧಿ ಜಾಗತಿಕ ಯಾತ್ರೆಯ ಮಕ್ಕಳು, ರಾಷ್ಟ್ರಪ್ರತಿನಿಧಿಗಳು ನೆರೆದಿದ್ದ ಅಂತಾರಾಷ್ಟ್ರೀಯ ಕಾರ್ಮಿಕ ಸಮ್ಮೇಳನದ ಸಭಾಂಗಣವನ್ನೇ ಪ್ರವೇಶಿಸಿದರೆಂಬ ಸಂಗತಿಯನ್ನು ನೆನೆದಾಗಲೆಲ್ಲ ನನ್ನ ಮನಸ್ಸು ಆರ್ದ್ರವಾಗುತ್ತದೆ. ಮಗ್ಗದ ಮುಂದೆ ಕುಕ್ಕರುಗಾಲಲ್ಲಿ ಕುಳಿತು, ಉಣ್ಣೆಯ ಧೂಳನ್ನು ಉಸಿರಾಡುತ್ತ, ಗಂಟಿನ ಮೇಲೆ ಗಂಟು ಹಾಕಿ ಅನ್ಯರ ಮನೆಯ ರತ್ನಗಂಬಳಿಯನ್ನು ನೇಯುವ ಎಳೆಯರ ಪಾಡು, ಕಡತಗಳೊಳಗೆ ಅಡಗಿ ಕೂರದೆ, ಅಂದು ಸಭೆಯ ಕಣ್ಣೆದುರಿಗೇ ಬಂದು ನಿಂತಿತು.

ಮರುವರ್ಷವೇ ಅಂಗೀಕೃತವಾದ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 182ನೆಯ ಒಡಂಬಡಿಕೆಯು, ಜೀತ, ಮಾರಾಟ, ಯುದ್ಧದಲ್ಲಿ ಬಲವಂತದ ಬಳಕೆ ಮೊದಲಾದ ಬಾಲಕಾರ್ಮಿಕತೆಯ ಘೋರರೂಪಗಳನ್ನು ನಿಷೇಧಿಸಿ, 2020ರಲ್ಲಿ ಟೋಂಗಾ ದೇಶದ ಸಮ್ಮತಿಯೊಡನೆ ಆ ಸಂಸ್ಥೆಯ ಸಮಸ್ತ ಸದಸ್ಯರಾಷ್ಟ್ರಗಳ ಅನುಮೋದನೆಯನ್ನೂ ಪಡೆಯಿತು. ನಮ್ಮ ದೇಶವು ಅದನ್ನು ಅನುಮೋದಿಸಿದ್ದು 2017ರಲ್ಲಿ. ಬಹಳ ತಡವಾಯಿತೆಂದೇ ನನ್ನ ಭಾವನೆ.

ಆದಾಗ್ಯೂ, 2025ರೊಳಗೆ ಈ ಪಿಡುಗನ್ನು ನಿರ್ಮೂಲಗೊಳಿಸುವೆವೆಂದು ವಿಶ್ವಸಮುದಾಯವು ತೊಟ್ಟ ಸಂಕಲ್ಪವು ನೆರವೇರಲಿಲ್ಲ. 2024ರ ಅಂದಾಜಿನಂತೆ ಸುಮಾರು 13.8 ಕೋಟಿ ಮಕ್ಕಳು ದುಡಿಮೆಯಲ್ಲಿದ್ದರು. ಅವರಲ್ಲಿ ಅರ್ಧಕ್ಕೂ ಮಿಕ್ಕಿದವರು ದುಡಿಯುತ್ತಿದ್ದುದು ಕೃಷಿಯಲ್ಲಿ.