ಬಯಲು ಬೇಕಾದಷ್ಟಿದೆ, ನೆರಳೇ ಕಮ್ಮಿ

ಬೆಂಗಳೂರಿನ ಪ್ಲೇಸ್ಕೂಲ್‌ಗಳ ಬ್ರೋಷರ್ ನೋಡಿದವರಿಗೆ ಗೊತ್ತು. ಸ್ಯಾಂಡ್ ಪಿಟ್, ಮಡ್ ಕಿಚನ್, ನೇಚರ್ ವಾಕ್ ಅಂತ ಒಂದೊಂದಕ್ಕೂ ಒಂದೊಂದು ಫೋಟೋ. ಫೀಸು ಕೇಳಿದ್ಮೇಲೆ ಮಣ್ಣಿಗೂ ಇಷ್ಟು ರೇಟಾ ಅನ್ನಿಸುತ್ತೆ. ಹಾಗಾದ್ರೆ ಮಣ್ಣಿಗೆ ಬರವೇ ಇಲ್ಲದ ಊರಲ್ಲಿ ಮೂರು, ನಾಲ್ಕು ವರ್ಷದ ಮಕ್ಕಳು ಎಲ್ಲಿ ಆಡ್ತಾರೆ? ದೀಪಾವಳಿ ಮುಗಿಸಿಕೊಂಡು ನಾಲ್ಕು ದಿನ ಚಳ್ಳಕೆರೆ, ಮೊಳಕಾಲ್ಮೂರು ಸುತ್ತಿದಾಗ ನನ್ನ ಕಣ್ಣು ಹೆಚ್ಚಾಗಿ ಹೋಗಿದ್ದು ಆ ಕಡೆಗೇ.

ಹಿರಿಯೂರಲ್ಲಿ ಹೆದ್ದಾರಿ ಬಿಟ್ಟು ಬಳ್ಳಾರಿ ರಸ್ತೆ ಹಿಡಿದರೆ ಹಸಿರು ತೆಳ್ಳಗಾಗುತ್ತಾ ಹೋಗುತ್ತೆ. ವರ್ಷಕ್ಕೆ 500 ಮಿ.ಮೀ. ಆಸುಪಾಸು ಮಳೆ ಬೀಳುವ ಸೀಮೆ ಇದು. ಚಳ್ಳಕೆರೆಗೆ 'ಎಣ್ಣೆ ನಗರ' ಅಂತ ಹೆಸರು. ಸುತ್ತಲಿನ ಹೊಲಗಳ ಶೇಂಗಾ ಇಲ್ಲಿನ ಮಿಲ್ಲುಗಳಿಗೆ ಬರುತ್ತಿದ್ದ ಕಾಲದ ಹೆಸರು ಅದು. ಈಗ ಮಿಲ್ಲುಗಳ ಗದ್ದಲ ಮೊದಲಿನಷ್ಟಿಲ್ಲ ಅಂತಾರೆ. ಆದರೂ ನಾನು ಹೋದಾಗ ಶೇಂಗಾ ಕೀಳುವ ಹೊತ್ತು, ಹೊಲದ ತುಂಬಾ ಹೆಂಗಸರೇ.

ಊರಾಚೆ ಹೋದರೆ ಅಮೃತಮಹಲ್ ಕಾವಲು. ಕಣ್ಣು ಹಾಯಿಸಿದಷ್ಟೂ ಹುಲ್ಲು, ಅಲ್ಲಲ್ಲಿ ಜಾಲಿ, ಮೇಲೆ ಅಷ್ಟಗಲ ಆಕಾಶ. ಮೈಸೂರು ಅರಸರ ಕಾಲದಿಂದ ದನಗಳಿಗೆಂದು ಬಿಟ್ಟ ಹುಲ್ಲುಗಾವಲು. ಸುತ್ತಲಿನ ಹಳ್ಳಿಗಳ ಕುರಿ, ದನ ಮೇದದ್ದೂ ಇಲ್ಲೇ. ಹತ್ತು ಹದಿನೈದು ವರ್ಷದಿಂದ ಇದರಲ್ಲಿ ಎತ್ತರದ ಗೋಡೆಗಳು ಬಂದಿವೆ. ಕುದಾಪುರದಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಗೆ 1,500 ಎಕರೆ, ಡಿಆರ್‌ಡಿಓಗೆ 4,000 ಎಕರೆಗೂ ಹೆಚ್ಚು, ಜೊತೆಗೆ ಇಸ್ರೋ, ಬಾರ್ಕ್. ಕುದಾಪುರದ ಕ್ಯಾಂಪಸ್ಸಿನಲ್ಲಿ ಶಾಲಾ ಮೇಷ್ಟ್ರುಗಳಿಗೆ ವಿಜ್ಞಾನದ ತರಬೇತಿ ಕೊಡ್ತಾರೆ, ಅದು ಒಳ್ಳೇ ಕೆಲಸ. ಆದರೆ ಕುರಿ ಹಿಂದೆ ಹೋಗೋ ಅಪ್ಪನ ಹೆಗಲ ಮೇಲೆ ಕೂತು ಹಕ್ಕಿ, ಹುಳ, ಹುಲ್ಲಿನ ಹೆಸರು ಕಲೀತಿದ್ದ ಮಗುವಿಗೆ ಆ ಗೋಡೆ ಬರೀ ಗೋಡೆ.

ಇಲ್ಲೇ ಹತ್ತಿರದ ಒಂದು ಹಳ್ಳಿ ನಮ್ಮಕ್ಕನದು. ಅವಳ ಮಗಳಿಗೆ ಮೂರೂವರೆ ವರ್ಷ, ಊರಿನ ಅಂಗನವಾಡಿಗೆ ಹೋಗ್ತಾಳೆ. ಬರೋ ಜೂನಿಗೆ ಪೇಟೆಯ ಕಾನ್ವೆಂಟಿಗೆ ಹಾಕಬೇಕು, ವ್ಯಾನು ಮನೆ ಬಾಗಿಲಿಗೇ ಬರುತ್ತೆ ಅಂತ ಭಾವ. ಅಕ್ಕನಿಗೆ ಮನಸ್ಸು ಗಟ್ಟಿಯಾಗಿರಲಿಲ್ಲ. "ನೀನು ಒಂದ್ಸಲ ಎರಡೂ ನೋಡ್ಕೊಂಡು ಬಾರೇ" ಅಂದಳು.

ಅಂಗನವಾಡಿಗೆ ಹೋದಾಗ ಬೆಳಗ್ಗೆ ಹತ್ತೂವರೆ. ಒಂದು ಕೋಣೆ, ಅಡುಗೆಗೆ ಒಂದು ಮೂಲೆ, ಮುಂದೆ ನಾಲ್ಕು ಕಾರು ನಿಲ್ಲಿಸೋವಷ್ಟು ಅಂಗಳ. ಅಂಗಳದಲ್ಲಿ ಕಬ್ಬಿಣದ ಜಾರುಬಂಡೆ, ಬಣ್ಣ ಬಳಿದು ಚೆನ್ನಾಗಿಟ್ಟಿದ್ದಾರೆ. ಒಂದು ಮಗುವೂ ಅದರ ಹತ್ತಿರ ಇಲ್ಲ. ಮುಟ್ಟಿ ನೋಡಿದೆ, ನವೆಂಬರ್ ತಿಂಗಳಲ್ಲೇ ದೋಸೆ ಕಾವಲಿ ಥರ ಕಾದಿತ್ತು. ಏಪ್ರಿಲ್‌ನಲ್ಲಿ ಹೇಗಿರಬೇಡ!

ಮಕ್ಕಳೆಲ್ಲ ಬೇವಿನ ಮರದ ಕೆಳಗಿದ್ದವು. ಒಂದೇ ಮರ, ಅದರ ನೆರಳು ಬಿದ್ದಷ್ಟೇ ಆಟದ ಮೈದಾನ. ಅಲ್ಲಿ ಯಾರೋ ಒಂದು ಬುಟ್ಟಿ ಮರಳು ಸುರಿದು ನೀರು ಚಿಮುಕಿಸಿದ್ದರು. ನಮ್ಮ ಹುಡುಗಿ ಪಾದದ ಮೇಲೆ ಮರಳು ಮೆತ್ತಿಕೊಂಡು, ತಟ್ಟಿ ತಟ್ಟಿ, ಉಸಿರು ಬಿಗಿಹಿಡಿದು ಕಾಲು ಹೊರಗೆಳೆಯುತ್ತಿದ್ದಳು. ಗುಬ್ಬಚ್ಚಿ ಗೂಡು! ನೀವೂ ಕಟ್ಟಿರ್ತೀರಿ. ಮೂರು ಸಲ ಕುಸಿಯಿತು. ನಾಲ್ಕನೇ ಸಲ ಪಕ್ಕದ ಹುಡುಗನ ಲೋಟದಿಂದ ಇನ್ನೊಂದಿಷ್ಟು ನೀರು ಹಾಕಿಸಿಕೊಂಡಳು, ಗೂಡು ನಿಂತಿತು. ಎಷ್ಟು ನೀರಿಗೆ ಮರಳು ಅಂಟುತ್ತೆ ಅಂತ ಅವಳಿಗೆ ಯಾರೂ ಹೇಳಿಕೊಡಲಿಲ್ಲ. ನೀರು ಕೊಡದೆ ಇದ್ದರೆ ಆಟ ಮುಂದೆ ಹೋಗಲ್ಲ ಅಂತ ಆ ಹುಡುಗನಿಗೂ ಯಾರೂ ಹೇಳಿರಲಿಲ್ಲ.

"ಹನ್ನೊಂದಕ್ಕೆ ಒಳಗೆ ಕರ್ಕೊತೀನಿ ಮೇಡಂ. ಆಮೇಲೆ ನೆರಳು ಆ ಕಡೆ ಹೋಗ್ತೈತೆ, ಅಲ್ಲಿ ಮುಳ್ಳು" ಅಂದರು ಟೀಚರಮ್ಮ. ಆ ಕಡೆ ಅಂದರೆ ಬೇಲಿಯಾಚೆ ಬಳ್ಳಾರಿ ಜಾಲಿ. ಅದರ ಮುಳ್ಳು ಚಪ್ಪಲಿಯನ್ನೇ ತೂರಿ ಬರುತ್ತೆ. ಕಲ್ಲು ಎತ್ತಿದರೆ ಚೇಳು. ಇವರಿಗೋ ಮಕ್ಕಳ ತೂಕ, ಎತ್ತರ, ಹಾಜರಿ ಎಲ್ಲವನ್ನೂ ಪೋಷಣ್ ಟ್ರ್ಯಾಕರ್ ಆ್ಯಪ್‌ಗೆ ಹಾಕುವ ಕೆಲಸ, ಗರ್ಭಿಣಿಯರ ಲೆಕ್ಕ, ಸರ್ವೆ. ಸಹಾಯಕಿ ಅಡುಗೆಯಲ್ಲಿದ್ದರೆ ಇಪ್ಪತ್ತು ಮಕ್ಕಳಿಗೆ ಒಂದೇ ಜೊತೆ ಕಣ್ಣು. ಹೊರಗಡೆ ಆಡಿಸೋದು ಅಂದರೆ ಬಾಗಿಲು ತೆಗೆದು ಬಿಡೋದು ಅಂತ ನಾವು ಸುಲಭವಾಗಿ ಹೇಳಿಬಿಡ್ತೀವಿ. ಒಬ್ಬರು ಹೊರಗೇ ಕೂತಿರಬೇಕು, ಅವರಿಗೆ ಬೇರೆ ಕೆಲಸ ಇರಬಾರದು. ಅದೇ ಕಷ್ಟ.

ಅಂಗನವಾಡಿ ಅನ್ನೋ ಹೆಸರಲ್ಲೇ ಅಂಗಳ ಇದೆ. ಸ್ವಾತಂತ್ರ್ಯಕ್ಕೂ ಮುಂಚೆ, 1945ರಲ್ಲಿ ಮಹಾರಾಷ್ಟ್ರದ ಬೋರ್ಡಿಯಲ್ಲಿ ತಾರಾಬಾಯಿ ಮೋಡಕ್ ಅವರು ಬಡ ಮಕ್ಕಳಿಗೆ ಶಿಶುಶಾಲೆ ಶುರು ಮಾಡಿದರು. ಮಕ್ಕಳು ಶಾಲೆಗೆ ಬರದಿದ್ದಾಗ ಅವರ ಮನೆಯಂಗಳಕ್ಕೇ ಶಾಲೆಯನ್ನು ತೆಗೆದುಕೊಂಡು ಹೋದರು. ಮುಂದೆ ಕೋಸಬಾಡದಲ್ಲಿ ಅವರೂ ಅನುತಾಯಿ ವಾಘ್ ಅವರೂ ಇನ್ನೂ ಒಂದು ಹೆಜ್ಜೆ ಹೋದರು. ದನ ಕಾಯುವ ವಾರ್ಲಿ ಮಕ್ಕಳಿಗಾಗಿ ಹುಲ್ಲುಗಾವಲಲ್ಲೇ ಪಾಠ. ಅದಕ್ಕೆ 'ಕುರಣ ಶಾಲೆ' ಅಂತ ಹೆಸರು, ಕುರಣ ಅಂದರೆ ನಮ್ಮ ಕಾವಲು. ಸರ್ಕಾರದ ಐಸಿಡಿಎಸ್ ಯೋಜನೆ ಬಂದದ್ದು 1975ರ ಅಕ್ಟೋಬರ್ 2ರಂದು. ಆಗ ಹೆಸರು ಉಳೀತು, ಆದರೆ ಎಷ್ಟೋ ಕಡೆ ಬಾಡಿಗೆ ಕೋಣೆಯಲ್ಲಿ ಅಂಗಳವೇ ಇರಲಿಲ್ಲ.

ಮಧ್ಯಾಹ್ನ ಕಾನ್ವೆಂಟ್ ನೋಡಿದೆ. ಹೆಸರು ಬೇಡ. ಶುಚಿಯಾಗಿದೆ, ಟೀಚರ್‌ಗಳು ನಗುನಗುತ್ತಾ ಮಾತಾಡಿಸ್ತಾರೆ, ಎಲ್‌ಕೆಜಿ ಮಕ್ಕಳು ಇಂಗ್ಲಿಷ್ ರೈಮ್ಸ್ ಹೇಳ್ತಾರೆ. ಅಂಗಳಕ್ಕೆ ಪೂರ್ತಿ ಸಿಮೆಂಟ್ ಬ್ಲಾಕ್. "ಬಟ್ಟೆ ಗಲೀಜಾದ್ರೆ ಪೇರೆಂಟ್ಸ್ ಫೋನ್ ಮಾಡ್ತಾರೆ" ಅಂದರು. ಸುಳ್ಳೇನಲ್ಲ, ನಾವೇ ಆ ಪೇರೆಂಟ್ಸು. ಆಟದ ಪಿರಿಯಡ್ ವಾರಕ್ಕೆರಡು.

ಭಾವನ ಜೊತೆ ಆ ರಾತ್ರಿ ಸ್ವಲ್ಪ ಜೋರಾಗೇ ಮಾತಾಯ್ತು. "ಮಣ್ಣಲ್ಲಿ ಆಡೋಕೆ ಶಾಲೆ ಯಾಕೆ? ಅದು ಮನೇಲೇ ಐತಲ್ಲ" ಅನ್ನೋದು ಅವರ ವಾದ. ಅವರು ಓದಿದ್ದು ಕನ್ನಡ ಶಾಲೆ, ಇಂಟರ್‌ವ್ಯೂಗಳಲ್ಲಿ ಇಂಗ್ಲಿಷ್ ಬಾರದೆ ಪಟ್ಟ ಪಾಡು ಅವರದು. ಅದನ್ನು ತೆಗೆದುಹಾಕೋಕೆ ನಾನ್ಯಾರು? ಬೆಂಗಳೂರಲ್ಲಿ ಕೂತು 'ಹಳ್ಳಿ ಮಕ್ಕಳೇ ಪುಣ್ಯವಂತರು' ಅನ್ನೋದು ನನಗೂ ಇಷ್ಟವಿಲ್ಲ. ನಾನು ಹೇಳಿದ್ದು ಎರಡೇ. ಒಂದು, ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಹೇಳಿರೋ ಪ್ರಕಾರ ಮೂರು, ನಾಲ್ಕು ವರ್ಷದ ಮಗು ದಿನಕ್ಕೆ 180 ನಿಮಿಷ ಮೈ ಆಡಿಸಬೇಕು, ಅದರಲ್ಲಿ 60 ನಿಮಿಷ ಓಟ, ನೆಗೆತದಂಥದ್ದು. ವ್ಯಾನಿನಲ್ಲಿ ಒಂದೂವರೆ ಗಂಟೆ, ಬೆಂಚಿನಲ್ಲಿ ಐದು ಗಂಟೆ, ಮನೆಗೆ ಬಂದ್ಮೇಲೆ ಮೊಬೈಲು ಅಂದರೆ ಅದು ಎಲ್ಲಿ ಹೊಂದುತ್ತೆ? ಇನ್ನೊಂದು ಕಣ್ಣಿನ ವಿಷಯ. ಚೀನಾದ ಗುವಾಂಗ್‌ಝೌನಲ್ಲಿ ಒಂದನೇ ಕ್ಲಾಸಿನ ಮಕ್ಕಳಿಗೆ ದಿನಾ 40 ನಿಮಿಷ ಹೆಚ್ಚಿಗೆ ಹೊರಗೆ ಬಿಟ್ಟು ಮೂರು ವರ್ಷ ನೋಡಿದರು. 2015ರಲ್ಲಿ ಬಂದ ಫಲಿತಾಂಶ: ಹೊರಗೆ ಬಿಟ್ಟವರಲ್ಲಿ ನೂರಕ್ಕೆ ಸುಮಾರು 30 ಮಕ್ಕಳಿಗೆ ಹೊಸದಾಗಿ ಸಮೀಪದೃಷ್ಟಿ ಬಂತು, ಬಿಡದವರಲ್ಲಿ ಸುಮಾರು 40. ಇದಕ್ಕೆ ಸುಡುಬಿಸಿಲೇ ಬೇಕಿಲ್ಲ, ಮರದ ನೆರಳಲ್ಲೂ ಕೋಣೆಗಿಂತ ಹಲವು ಪಟ್ಟು ಬೆಳಕಿರುತ್ತೆ. ಕನ್ನಡಕದ ಮಾತು ಬಂದಾಗ ಭಾವ ಸುಮ್ಮನಾದರು. ಒಪ್ಪಿದರು ಅಂತಲ್ಲ, ಊಟಕ್ಕೆ ಎದ್ದರು ಅಷ್ಟೇ.

ಮರುದಿನ ಮೊಳಕಾಲ್ಮೂರಿಗೆ ಹೊರಟೆ, ಅಕ್ಕನಿಗೆ ಸೀರೆ ತರೋ ನೆಪ. ದಾರಿಯಲ್ಲಿ ತಳಕು ಸಿಗುತ್ತೆ, ಕಾದಂಬರಿಕಾರ ತರಾಸು ಅವರ ಮನೆತನದ ಊರು. ಮುಂದೆ ಹೋದಷ್ಟೂ ಬಂಡೆ, ಬಂಡೆಯ ಮೇಲೆ ಬಂಡೆ. ಈ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ ಅಶೋಕನ ಶಾಸನ ಇರೋದೂ ಬಯಲ ಬಂಡೆಯ ಮೇಲೇ. ತಂದೆತಾಯಿ, ಗುರುಗಳ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ನಿಜ ಹೇಳಿ ಅಂತ ಅದರಲ್ಲಿದೆ. ಎರಡು ಸಾವಿರ ವರ್ಷಕ್ಕೂ ಹಿಂದೆ ಊರಿಗೆ ಹಾಕಿಕೊಟ್ಟ ಸ್ಲೇಟು.

ನೇಕಾರರ ಓಣಿಯಲ್ಲಿ ಮನೆಯ ಹಜಾರವೇ ಮಗ್ಗ. ಕೆಳಗೆ ಗುಂಡಿ, ಮೇಲೆ ರೇಷ್ಮೆ ಎಳೆ. ಅಂಥ ಮನೆಯೊಳಗೆ ನಾಲ್ಕು ವರ್ಷದ ಮಗು ಓಡಿದರೆ ಒಂದು ಸೀರೆಯೇ ಹೋಯ್ತು. ಹಾಗಾಗಿ ಮಕ್ಕಳು ಬೀದಿಗೇ ಬರಬೇಕು. ಬೀದಿಯಲ್ಲಿ ಈಗ ಬೈಕುಗಳು. ಮಕ್ಕಳು ಗೋಡೆಯ ನೆರಳು ಹಿಡಿದು ಜಗಲಿಯಿಂದ ಜಗಲಿಗೆ ಸರಿಯುತ್ತವೆ, ಬೆಳಗ್ಗೆ ಒಂದು ಸಾಲು, ಸಂಜೆ ಎದುರು ಸಾಲು.

ಊರಾಚೆಯ ಒಂದು ಹಟ್ಟಿಯ ಅಂಗನವಾಡಿಯಲ್ಲಿ ಜಾರುಬಂಡೆ ಕೊಟ್ಟೇ ಇರಲಿಲ್ಲ. ಹಿಂದೆ ನಿಜವಾದ ಬಂಡೆ ಇತ್ತು, ಎಷ್ಟೋ ತಲೆಮಾರಿನ ಮಕ್ಕಳ ಚಡ್ಡಿ ಉಜ್ಜಿ ನುಣುಪಾದದ್ದು. ಬಂಡೆಯ ಬುಡಕ್ಕೆ ಹುಣಸೆ ನೆರಳು. ಇಲ್ಲಿ ಎಷ್ಟೋ ಮ್ಯಾಸನಾಯಕರ ಮನೆಗಳಲ್ಲಿ ಮಾತು ತೆಲುಗು, ಮಗು ಕನ್ನಡ ಕೇಳೋದು ಅಂಗನವಾಡಿಯಲ್ಲೇ. ಒಬ್ಬ ಪುಟ್ಟ ನೆಲಕ್ಕೆ ಬಗ್ಗಿ "ಚೀಮ! ಚೀಮ!" ಅಂತ ಕೂಗಿದ. "ಇರುವೆ ಕಣೋ" ಅಂದಳು ಪಕ್ಕದವಳು. ಇನ್ನೊಬ್ಬ ಬಂದು "ಇದು ಗೊದ್ದ" ಅಂದ. ಟೀಚರ್ ಕೂತಲ್ಲಿಂದಲೇ "ಎಷ್ಟು ಹೋಗ್ತಾವೆ ಎಣಿಸ್ರೋ" ಅಂದರು. ಹನ್ನೊಂದರ ತನಕ ಎಣಿಸಿ, ಇರುವೆಗಳು ಹುಣಸೆ ಬೇರಿನ ಒಳಗೆ ಹೋದ್ಮೇಲೆ ಮತ್ತೆ ಒಂದರಿಂದ ಶುರು. ಗೋಡೆಯ ಮೇಲಿನ ಚಾರ್ಟಿನಲ್ಲಿ ಇರುವೆ ಚಿತ್ರ ಇತ್ತು, ಅದು ಎಲ್ಲಿಗೂ ಹೋಗುತ್ತಿರಲಿಲ್ಲ.

ವಾಪಸ್ ಬಂದು ಅಕ್ಕನಿಗೆ ಹೇಳಿದೆ: ಇನ್ನೊಂದು ವರ್ಷ ಅಂಗನವಾಡಿಯಲ್ಲೇ ಇರಲಿ, ಇಂಗ್ಲಿಷ್ ಆರನೇ ವರ್ಷಕ್ಕೂ ಕಾದಿರುತ್ತೆ. ಆದರೆ ಅಂಗಳಕ್ಕೆ ನೆರಳು ಮಾಡಿ. ಟೀಚರಮ್ಮ ಕೇಳಿದ್ದೂ ಅದನ್ನೇ. ಜಾರುಬಂಡೆಯನ್ನು ಬೇವಿನ ಉತ್ತರಕ್ಕೆ ಎಳೆಸಿ, ಆ ಜಾಲಿ ಕಡಿಸಿ, ಎರಡು ಹೊಂಗೆ ಸಸಿ ಹಾಕಿದರೆ ಆಯ್ತು. ಶೇಂಗಾ ಚೀಲದ ಹಳೇ ಬಟ್ಟೆ ಹೊಲಿದು ಚಪ್ಪರ ಕಟ್ಟಿದರೆ ಈ ಬೇಸಿಗೆಗೇ ಆಗುತ್ತೆ. ಸ್ವಸಹಾಯ ಸಂಘದ ಒಬ್ಬೊಬ್ಬ ಅಮ್ಮ ದಿನಕ್ಕೊಂದು ಗಂಟೆ ಬಂದು ಕೂತರೆ ಟೀಚರಿಗೆ ಒಂದು ಜೊತೆ ಕಣ್ಣು ಸಿಕ್ಕ ಹಾಗೆ.

ಹೋದ ವಾರ ಅಕ್ಕ ವಾಟ್ಸಾಪಿನಲ್ಲಿ ಫೋಟೋ ಕಳಿಸಿದ್ದಳು. ಚೀಲದ ಚಪ್ಪರ ಒಂದು ಕಡೆ ಜೋತಿದೆ, ಕೆಳಗೆ ಮಕ್ಕಳು. ಜಾರುಬಂಡೆ ಮಾತ್ರ ಇದ್ದಲ್ಲೇ ಇದೆ, ಕಾಂಕ್ರೀಟ್ ಹಾಕಿ ಹೂತಿದ್ದಾರಂತೆ. ಅದನ್ನು ಕೀಳೋಕೆ ಪಂಚಾಯ್ತಿಯವರನ್ನ ಕೇಳಬೇಕು, ಭಾವ ಅರ್ಜಿ ಬರೀತಿದ್ದಾರೆ.